ಕ್ಯಾರಿಯರ್ ಇಲ್ಲದ ಸೈಕಲ್ಲು

ನಮ್ಮ ಊರುಗಳಲ್ಲಿ ‘ಕ್ಯಾರಿಯರ್’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳುಂಟು. ಅಡಿಗೆಮನೆಯಲ್ಲಿ ಅದು ಒಂದರ ಮೇಲೊಂದು ಕೂಡುವ ಊಟದ ಡಬ್ಬಿ. ಬೀದಿಯಲ್ಲಿ ಅದು ಸೈಕಲ್ಲಿನ ಹಿಂದಿನ ಚಕ್ರದ ಮೇಲೆ ಕೂಡುವ ಕಬ್ಬಿಣದ ತಟ್ಟೆ. ಎರಡನೆಯದು ಇದ್ದವನಿಗೆ ಮೊದಲನೆಯದನ್ನು ಎಲ್ಲಿಡುವುದೆಂಬ ಚಿಂತೆಯಿಲ್ಲ. ಇಲ್ಲದವನ ಪಾಡೇನು? ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವವನ ಕೈಯಲ್ಲಿ ಊಟದ ಡಬ್ಬಿಯೊಂದೇ ಇರುವುದಿಲ್ಲ. ಬಡಗಿಗೆ ಗರಗಸ, ಗಾರೆಯವನಿಗೆ ಕರಣೆ, ವೈರ್‌ಮನ್ನನಿಗೆ ಇಕ್ಕಳ, ಗುಮಾಸ್ತನಿಗೆ ಕಾಗದದ ಕಟ್ಟು, ಮಳೆಗಾಲವಾದರೆ ಎಲ್ಲರಿಗೂ ಒಂದು ಕೊಡೆ. ಇವನ್ನೆಲ್ಲ ಎರಡು ಚಕ್ರದ ಮೇಲೆ, ತಟ್ಟೆಯ ನೆರವಿಲ್ಲದೆ, ಬೀಳದಂತೆ ಒಯ್ಯುವುದು ಹೇಗೆ?

ಇದು ಇತಿಹಾಸಕ್ಕೆ ತಕ್ಕ ಪ್ರಶ್ನೆಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ಸೈಕಲ್ಲಿನ ಚರಿತ್ರೆಯನ್ನು ಬರೆದವರು ಚಕ್ರದ ವಿಷಯ ಬರೆದಿದ್ದಾರೆ, ಸರಪಣಿಯ ವಿಷಯ ಬರೆದಿದ್ದಾರೆ, ಗಾಳಿ ತುಂಬಿದ ಟೈರಿನ ವಿಷಯ ಬರೆದಿದ್ದಾರೆ. ಚೀಲದ ವಿಷಯಕ್ಕೆ ಬಂದಾಗ ಅವರ ಲೇಖನಿ ತುಸು ಬಡವಾಗುತ್ತದೆ. ಆದರೆ ದುಡಿಯುವವನ ಕಡೆಯಿಂದ ನೋಡಿದರೆ ಚೀಲವೇ ಮುಖ್ಯ. ಚಕ್ರ ತಿರುಗುವುದು ಚೀಲಕ್ಕಾಗಿ.

ಮೊದಲಿಗೇ ಒಂದು ಸಂಗತಿಯನ್ನು ಹೇಳಿಬಿಡಬೇಕು. ಸೈಕಲ್ಲು ಹುಟ್ಟಿದ್ದು ಸವಾರನಿಗಾಗಿ, ಹೊರೆಗಾಗಿ ಅಲ್ಲ. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಮರದ ಚಕ್ರಗಳ ಗಾಡಿಯನ್ನೇರಿ, ಕಾಲಿನಿಂದ ನೆಲವನ್ನು ಒದೆಯುತ್ತ ಓಡಿದಾಗ, ಅವನ ಕಣ್ಣಿಗಿದ್ದದ್ದು ಕುದುರೆಯಿಲ್ಲದ ಸವಾರಿ. ಆಮೇಲೆ 1870ರ ದಶಕದಲ್ಲಿ ಆಳೆತ್ತರದ ಮುಂಚಕ್ರದ ಸೈಕಲ್ಲು ಬಂದಿತು. ಅದರಲ್ಲಿ ಸವಾರನೇ ಗುಬ್ಬಚ್ಚಿಯಂತೆ ಮೇಲೆ ಕುಳಿತಿರುತ್ತಿದ್ದ. ಹಿಂದಿನ ಚಕ್ರವೋ ಬಟ್ಟಲಿಗಿಂತ ತುಸು ದೊಡ್ಡದು ಎನ್ನುವಷ್ಟು ಚಿಕ್ಕದು. ಸಾಮಾನನ್ನು ಇಡಲು ಸ್ಥಳವೆಲ್ಲಿ?

ಆ ಸೈಕಲ್ಲಿನ ಮೇಲೆ ಭೂಮಂಡಲವನ್ನೇ ಸುತ್ತಿದವನೊಬ್ಬನಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಗಣಿಯಲ್ಲಿ ದುಡಿದಿದ್ದ ಥಾಮಸ್ ಸ್ಟೀವನ್ಸ್. 1884ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕಡೆಯಿಂದ ಹೊರಟು 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮ ಸೇರಿದ. ಅವನು ನಮ್ಮ ದೇಶವನ್ನೂ ಹಾದುಹೋದ. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಗೆ ಹೆದ್ದಾರಿಯಲ್ಲಿ ಸೈಕಲ್ಲು ತುಳಿದ. ಇಷ್ಟು ದೂರದ ಪಯಣಕ್ಕೆ ಅವನು ಹೊರಡುವಾಗ ಕಟ್ಟಿಕೊಂಡ ಗಂಟು ಯಾವುದು? ಹ್ಯಾಂಡಲಿಗೆ ಕಟ್ಟಿದ ಒಂದು ಚಿಕ್ಕ ಚೀಲ. ಅದರೊಳಗೆ ಕಾಲುಚೀಲ, ಬದಲಿಗೆ ಒಂದು ಅಂಗಿ, ಡೇರೆಯಾಗಿಯೂ ಹಾಸಿಗೆಯಾಗಿಯೂ ಬಳಕೆಗೆ ಬರುವ ಒಂದು ಮಳೆಕೋಟು, ಒಂದು ಪಿಸ್ತೂಲು. ಇಲ್ಲಿಂದ ಮದುವೆಗೆ ಪಕ್ಕದೂರಿಗೆ ಹೋಗುವಾಗ ನಾವು ಕಟ್ಟುವ ಗಂಟನ್ನು ನೆನೆದರೆ ನಾಚಿಕೆಯಾಗುತ್ತದೆ. ಆದರೆ ಸ್ಟೀವನ್ಸ್ ಊರೂರು ನೋಡುತ್ತ ಹೋಗುವ ಪಯಣಿಗ. ಅವನ ಕಸುಬು ಅವನ ಚೀಲದಲ್ಲಿರಲಿಲ್ಲ. ಇಂದು ಹೋಗಿ ಸಂಜೆ ಮರಳಿ, ನಾಳೆ ಮತ್ತೆ ಅದೇ ಭಾರವನ್ನು ಒಯ್ಯಬೇಕಾದವನ ಕಥೆಯೇ ಬೇರೆ.

1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ಲನ್ನು ಹೊರತಂದ ಮೇಲೆ ಎರಡು ಚಕ್ರಗಳೂ ಹೆಚ್ಚುಕಡಿಮೆ ಸಮನಾದವು. 1888ರಲ್ಲಿ ಡನ್ಲಪ್ ಗಾಳಿಯ ಟೈರನ್ನು ತಂದ. ಕೆಲವೇ ವರ್ಷಗಳಲ್ಲಿ ಸೈಕಲ್ಲಿನ ಚೌಕಟ್ಟು ಇಂದು ನಾವು ಕಾಣುವ ಆಕಾರಕ್ಕೆ ನಿಂತಿತು: ಮೇಲೆ ಒಂದು ಬಾರು, ಕೆಳಗೆ ಒಂದು ಓರೆ ಕೊಳವೆ, ಹಿಂದೆ ಸೀಟಿನ ಕಂಬ. ಈ ಮೂರರ ನಡುವೆ ಒಂದು ಮುಕ್ಕೋನದ ಖಾಲಿ ಜಾಗ ಉಳಿಯಿತು. ಯಾರೂ ಬೇಕೆಂದು ಬಿಟ್ಟದ್ದಲ್ಲ, ತಾನಾಗಿ ಉಳಿದದ್ದು. ಆ ಖಾಲಿಯನ್ನು ಕಂಡು ಇಲ್ಲಿ ಭಾರವನ್ನಿಡಬಹುದಲ್ಲ ಎಂದುಕೊಂಡವರಲ್ಲಿ ಸೈನಿಕರು ಮುಂದಿನವರು.

1897ರಲ್ಲಿ ಅಮೆರಿಕದ ಮೊಂಟಾನಾ ಪ್ರಾಂತ್ಯದ ಮಿಸ್ಸೂಲಾ ಕೋಟೆಯಿಂದ ಸೇಂಟ್ ಲೂಯಿ ನಗರಕ್ಕೆ ಒಂದು ಸೈಕಲ್ ದಂಡು ಹೊರಟಿತು. ಸೇನೆಯ 25ನೆಯ ಕಾಲ್ದಳಕ್ಕೆ ಸೇರಿದ ಇಪ್ಪತ್ತು ಮಂದಿ ನೀಗ್ರೋ ಸಿಪಾಯಿಗಳು (ಅಂದಿನ ಮಾತು, ಇಂದು ಕಪ್ಪು ಜನ ಎನ್ನುತ್ತಾರೆ), ಅವರ ಮುಂದಾಳು ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬ ಬಿಳಿಯ ಅಧಿಕಾರಿ, ಜೊತೆಗೆ ಒಬ್ಬ ವೈದ್ಯ, ಒಬ್ಬ ಪತ್ರಿಕೆಯವನು. ದಾರಿ ಸುಮಾರು 1,900 ಮೈಲಿ. ಕುದುರೆಗೆ ಹುಲ್ಲು ಬೇಕು, ನೀರು ಬೇಕು, ಸೈಕಲ್ಲಿಗೆ ಏನೂ ಬೇಡ. ಆದ್ದರಿಂದ ಸೇನೆಗೆ ಸೈಕಲ್ಲು ಒದಗೀತೇ ಎಂದು ಪರೀಕ್ಷೆ ಮಾಡುವುದು ಮಾಸ್‌ನ ಉದ್ದೇಶ. ಆ ಸಿಪಾಯಿಗಳಿಗೆ ಅದು ಪರೀಕ್ಷೆಯಲ್ಲ, ದಿನದ ಕೆಲಸ.

ಅವರು ಹೊರೆಯನ್ನು ಹಂಚಿದ ಬಗೆಯನ್ನು ನೋಡಬೇಕು. ಕಂಬಳಿ, ಡೇರೆಯ ಅರ್ಧ ತುಂಡು, ಬದಲಿ ಬಟ್ಟೆ ಇವನ್ನು ಸುರುಳಿ ಸುತ್ತಿ ಹ್ಯಾಂಡಲಿನ ಮುಂದೆ ಕಟ್ಟಿದರು. ಇದು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಕಡಿಮೆ. ತೂಕದ ಸಾಮಾನಿಗೆ ಗಟ್ಟಿ ಚರ್ಮದ ತೆಳ್ಳನೆಯ ಪೆಟ್ಟಿಗೆಯೊಂದನ್ನು ಮಾಡಿಸಿ ಚೌಕಟ್ಟಿನ ಮುಕ್ಕೋನದೊಳಗೆ ಕೂರಿಸಿದರು. ಮೊಣಕಾಲಿಗೆ ತಾಗದಿರಲಿ ಎಂದು ಅದು ತೆಳ್ಳಗೆ. ಬಂದೂಕು ಮಾತ್ರ ಬೆನ್ನಿಗೆ. ಗುಂಡುಗಳ ಪಟ್ಟಿ ಸೊಂಟಕ್ಕೆ. ಹೊರೆಸಹಿತ ಸೈಕಲ್ಲು ಸುಮಾರು 59 ಪೌಂಡು ತೂಗಿತು. ಮೂರು ಭಾರಗಳಿಗೆ ಮೂರು ಸ್ಥಳ: ಹಗುರವಾದದ್ದು ಮುಂದೆ, ಭಾರವಾದದ್ದು ನಡುವೆ ತಗ್ಗಿನಲ್ಲಿ, ತಕ್ಷಣ ಕೈಗೆ ಬೇಕಾದದ್ದು ಮೈಮೇಲೆ. ಇಂದು ದುಬಾರಿ ಬೆಲೆಗೆ ಮಾರುವ ಸೈಕಲ್ ಚೀಲಗಳ ಅಂಗಡಿಗೆ ಹೋದರೂ ಇದಕ್ಕಿಂತ ಹೆಚ್ಚಿನ ಬುದ್ಧಿಮಾತು ಸಿಗುವುದಿಲ್ಲ.

ಜೂನ್ 14ರಂದು ಹೊರಟವರು ಜುಲೈ 24ರಂದು ಸೇರಿದರು, ಒಟ್ಟು 41 ದಿನ. ಬೆಟ್ಟದಲ್ಲಿ ಹಿಮ, ಬಯಲಿನಲ್ಲಿ ಕೆಸರು, ನೆಬ್ರಾಸ್ಕದಲ್ಲಿ ಕಾಲು ಹೂಳುವ ಮರಳು. ಮರಳಿನಲ್ಲಿ ಚಕ್ರ ತಿರುಗದಾದಾಗ ರೈಲು ಹಳಿಯ ಪಕ್ಕದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ನಡೆದರು. ಸವುಳು ನೀರು ಕುಡಿದು ಹಲವರು ಕಾಯಿಲೆ ಬಿದ್ದರು. ಸೇಂಟ್ ಲೂಯಿ ನಗರದ ಜನ ಅವರನ್ನು ನೋಡಲು ನೆರೆದರು. ಅಷ್ಟಾದ ಮೇಲೆ ಸಿಪಾಯಿಗಳನ್ನು ರೈಲಿನಲ್ಲಿ ಹಿಂದಕ್ಕೆ ಕಳುಹಿಸಿಕೊಟ್ಟರು. ಮರುವರ್ಷ ಸ್ಪೇನಿನೊಡನೆ ಯುದ್ಧ ಬಂದಿತು. ಅದೇ ಕಾಲ್ದಳ ಸೈಕಲ್ಲಿಲ್ಲದೆ ಕ್ಯೂಬಾಕ್ಕೆ ಹೋಯಿತು. ಮಾಸ್‌ನ ವರದಿ ಕಡತ ಸೇರಿತು. ದುಡಿದು ತೋರಿಸಿದವರ ಜಾಣ್ಮೆ ಕಡತದಲ್ಲಿ ಮಲಗುವುದು ಆ ದೇಶಕ್ಕೆ ಮಾತ್ರ ಸೇರಿದ ವಿಶೇಷವೇನಲ್ಲ.

ಇನ್ನು ಸೀಟಿನ ಹಿಂಬದಿ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ 1866ರಲ್ಲಿ ಕುದುರೆಯ ಜೀನು, ಚರ್ಮದ ಪಟ್ಟಿ ಮೊದಲಾದವುಗಳ ವ್ಯಾಪಾರವನ್ನು ತೊಡಗಿದ. ಅವನ ಕುದುರೆ ಸತ್ತುಹೋಗಿ, ಸೈಕಲ್ಲೊಂದನ್ನು ಎರವಲು ಪಡೆದು ಕೆಲಸಕ್ಕೆ ಹೋಗಲಾಗಿ, ಅದರ ಸೀಟಿನ ಹಿಂಸೆ ತಾಳಲಾರದೆ ತಾನೇ ಒಂದು ಚರ್ಮದ ಸೀಟು ಮಾಡಿದನೆಂದು ಆ ಮನೆತನದ ಕಥೆ. 1882ರಲ್ಲಿ ಅವನಿಗೆ ಸೀಟಿನ ಹಕ್ಕುಪತ್ರ ದೊರೆಯಿತು. ಬ್ರೂಕ್ಸ್ ಸೀಟು ನಮ್ಮ ಹಿರಿಯರಿಗೆ ಹೊಸದಲ್ಲ. ಅದರ ಮೇಲೆ ವರ್ಷಗಟ್ಟಲೆ ಕುಳಿತು ಅದನ್ನು ತಮ್ಮ ಮೈಗೆ ಒಗ್ಗಿಸಿಕೊಂಡವರು ಅದನ್ನು ಬೇರೆಯವರಿಗೆ ಎರವಲು ಕೊಡುತ್ತಿರಲಿಲ್ಲ. ಆ ಬಗೆಯ ಸೀಟಿನ ಹಿಂಭಾಗದಲ್ಲಿ ಎರಡು ಚಿಕ್ಕ ಕುಣಿಕೆಗಳಿರುತ್ತಿದ್ದವು. ಜೀನಿಗೆ ಚೀಲ ಕಟ್ಟುವ ಕುದುರೆಯವರ ಪದ್ಧತಿ ಸೈಕಲ್ಲಿಗೆ ಇಳಿದು ಬಂದದ್ದು ಹೀಗೆ. ಎರಡು ಪಟ್ಟಿ ಕುಣಿಕೆಗೆ, ಮೂರನೆಯದು ಸೀಟಿನ ಕಂಬಕ್ಕೆ. ಚೀಲ ಅಲುಗದೆ ನಿಲ್ಲುತ್ತದೆ. ಕ್ಯಾರಿಯರೂ ಬೇಡ, ಅದನ್ನು ಕೂರಿಸಲು ಚೌಕಟ್ಟಿನಲ್ಲಿ ತೂತೂ ಬೇಡ.

ಆದರೆ ಆ ಚೀಲವನ್ನು ಚೆನ್ನಾಗಿ ಹೊಲಿಯಬೇಕಲ್ಲ! ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ನೆಲ್ಸನ್ ಎಂಬ ಊರು ಹತ್ತಿಗಿರಣಿಗಳಿಗೆ ಹೆಸರಾಗಿತ್ತು. ಅಲ್ಲಿ ಗಿರಣಿಯಲ್ಲಿ ದುಡಿಯುತ್ತಿದ್ದ ವಿಲ್ಫ್ ಕ್ಯಾರಡೈಸ್ ಎಂಬ ಸೈಕಲ್ ಹುಚ್ಚಿನವನೊಬ್ಬ ಅಂಗಡಿಯ ಚೀಲಗಳಿಂದ ಬೇಸತ್ತು 1932ರಲ್ಲಿ ತನಗಾಗಿ ಒಂದನ್ನು ತಾನೇ ಹೊಲಿದುಕೊಂಡ. ಗೆಳೆಯರು ಕಂಡು ತಮಗೂ ಬೇಕೆಂದರು. ಅಲ್ಲಿಗೆ ಒಂದು ಉದ್ಯಮ ಹುಟ್ಟಿತು. ಚೀಲಕ್ಕೆ ಬಳಸಿದ್ದು ಒತ್ತಾಗಿ ನೇಯ್ದ ದಪ್ಪ ಹತ್ತಿಯ ಬಟ್ಟೆ. ಅದು ನೆನೆದಾಗ ಎಳೆಗಳು ಊದಿಕೊಂಡು ನಡುವಿನ ಸಂದುಗಳನ್ನು ಮುಚ್ಚುತ್ತವೆ. ಅದಕ್ಕೆ ಮೇಣವನ್ನೂ ಊಡಿದರೆ ಮಳೆ ಒಳಕ್ಕೆ ಇಳಿಯದು. ಮಗ್ಗದ ಊರಿನವನಿಗೆ ಬಟ್ಟೆಯ ಈ ಗುಣವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಬ್ಬರು, ಪ್ಲಾಸ್ಟಿಕ್ಕು ಏನೆಲ್ಲ ಬಂದ ಮೇಲೂ ಈ ಹತ್ತಿಯ ಚೀಲವನ್ನೇ ಹುಡುಕಿ ಕೊಳ್ಳುವವರುಂಟು.

ಹ್ಯಾಂಡಲು, ಚೌಕಟ್ಟು, ಸೀಟು ಇವು ಮೂರನ್ನು ಬಿಟ್ಟರೆ ಉಳಿಯುವುದು ಸವಾರನ ಮೈ. ನಮ್ಮ ಹಳ್ಳಿಗಳಲ್ಲಿ ಒಂದು ನಗೆಗತೆಯುಂಟು. ಒಬ್ಬ ತಟ್ಟುವಿನ ಮೇಲೆ ಕುಳಿತು, ಪಾಪ ಪ್ರಾಣಿಗೆ ಭಾರವಾದೀತೆಂದು ಹುಲ್ಲಿನ ಹೊರೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡನಂತೆ. ಬೆನ್ನಿಗೆ ಚೀಲ ಹಾಕಿಕೊಂಡು ಸೈಕಲ್ಲು ತುಳಿಯುವವನ ಲೆಕ್ಕವೂ ಹೀಗೆಯೇ. ಚಕ್ರಕ್ಕೂ ಭಾರ ತಪ್ಪಲಿಲ್ಲ, ಬೆನ್ನಿಗೂ ತಪ್ಪಲಿಲ್ಲ. ಮೇಲಾಗಿ ಭಾರ ಎತ್ತರಕ್ಕೇರಿತು, ಬೆನ್ನು ಬೆವರಿತು.

ಹಾಗೆಂದು ಅದನ್ನು ಬರಿಯ ದಡ್ಡತನವೆಂದು ತಳ್ಳಿಹಾಕುವುದೂ ಸರಿಯಲ್ಲ. ಹಳ್ಳಕೊಳ್ಳದ ರಸ್ತೆಯಲ್ಲಿ ಸವಾರನ ಕೈಕಾಲುಗಳು ಸ್ಪ್ರಿಂಗಿನಂತೆ ಬಾಗಿ ಏಟನ್ನು ನುಂಗುತ್ತವೆ. ಅವನ ಬೆನ್ನಿನ ಮೇಲಿನ ಗಾಜು ಒಡೆಯುವುದಿಲ್ಲ, ಬಿಗಿಯಾಗಿ ಕಟ್ಟಿದ ಗಾಜು ಒಡೆಯುತ್ತದೆ. ಇನ್ನೊಂದು, ಸೈಕಲ್ಲನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವಾಗ ಮೈಮೇಲಿನ ಚೀಲ ಜೊತೆಗೇ ಬರುತ್ತದೆ. ಟೋಕಿಯೋ ನಗರದಲ್ಲಿ ಯುದ್ಧದ ಹಿಂದೆಯೂ ಮುಂದೆಯೂ ಶಾವಿಗೆಯಂಗಡಿಯ ಹುಡುಗರು ಬಟ್ಟಲು ತುಂಬಿದ ತಟ್ಟೆಗಳನ್ನು ಒಂದರ ಮೇಲೊಂದು ಗೋಪುರದಂತೆ ಪೇರಿಸಿ, ಒಂದೇ ಭುಜದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸೈಕಲ್ಲು ನಡೆಸುತ್ತಿದ್ದರು. ಅದನ್ನು ಕ್ಯಾರಿಯರಿಗೆ ಕಟ್ಟಿದ್ದರೆ ಗಿರಾಕಿಗೆ ಸಿಗುತ್ತಿದ್ದುದು ಖಾಲಿ ಬಟ್ಟಲು. ಫ್ರಾನ್ಸಿನ ಹಳೆಯ ಪಂದ್ಯಗಾರರು ಬದಲಿ ಟೈರುಗಳನ್ನು ಎರಡೂ ಹೆಗಲಿಗೆ ಜನಿವಾರದಂತೆ ಅಡ್ಡಡ್ಡ ಹಾಕಿಕೊಂಡು ಓಡುತ್ತಿದ್ದ ಚಿತ್ರಗಳನ್ನು ವಾಚಕರು ಕಂಡಿರಬಹುದು.

ಹೆಗಲ ಚೀಲದ ವಿಷಯದಲ್ಲಿ ನ್ಯೂಯಾರ್ಕ್ ನಗರದ ಸಂಗತಿ ಹೇಳದೆ ಮುಂದುವರಿಯಲಾಗದು. ಅಲ್ಲಿ ಡಿ ಮಾರ್ಟಿನಿಯವರ ಗ್ಲೋಬ್ ಕ್ಯಾನ್ವಾಸ್ ಎಂಬ ಚಿಕ್ಕ ಕಂಪನಿ 1950ರ ದಶಕದಲ್ಲಿ ತಂತಿಕಂಬ ಹತ್ತುವ ಲೈನ್‌ಮನ್ನರಿಗಾಗಿ ಒಂದು ಚೀಲವನ್ನು ಹೊಲಿಯುತ್ತಿತ್ತು. ಕಂಬದ ಮೇಲೆ ನೇತಾಡುತ್ತಿರುವವನು ಚೀಲವನ್ನು ಕೆಳಗಿಟ್ಟು ಹುಡುಕುವಂತಿಲ್ಲ. ಒಂದೇ ಪಟ್ಟಿ ಎದೆಗಡ್ಡವಾಗಿ, ಚೀಲ ಬೆನ್ನಿಗೆ, ಬೇಕಾದಾಗ ಸರಕ್ಕನೆ ಮುಂದಕ್ಕೆಳೆದರೆ ಇಕ್ಕಳ ಕೈಗೆ ಸಿಗಬೇಕು. ಇದನ್ನು ಕಂಡ ಸೈಕಲ್ ಜವಾನರು, ಎಂದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದ ಮುಟ್ಟಿಸುವ ಹುಡುಗರು, ಅದೇ ಚೀಲವನ್ನು ತಾವೂ ಹಾಕಿಕೊಂಡರು. ಅವರಿಗೂ ಬೇಕಾಗಿದ್ದದ್ದು ಅದೇ: ಇಳಿಯದೆ ತೆಗೆಯಬೇಕು, ತೆಗೆದು ಕೊಟ್ಟು ಓಡಬೇಕು. ಮುಂದೆ ಅದು ಕಾಲೇಜು ಹುಡುಗರ ಹೆಗಲಿಗೂ ಏರಿ ಲೋಕವನ್ನೆಲ್ಲ ಸುತ್ತಿತು. ಅದನ್ನು ಹಾಕಿಕೊಂಡವರಲ್ಲಿ ಎಷ್ಟು ಮಂದಿಗೆ ಗೊತ್ತು, ಅದು ಕಂಬ ಹತ್ತುವವನ ಚೀಲವೆಂದು?

ನಮ್ಮ ದೇಶಕ್ಕೆ ಬರೋಣ. ವಿಲಾಯಿತಿಯ ಸೈಕಲ್ಲುಗಳೇ ಬಹುಕಾಲ ನಡೆದ ಮೇಲೆ, ಸ್ವಾತಂತ್ರ್ಯದ ಬಳಿಕ ಇಲ್ಲಿಯೇ ಕಾರ್ಖಾನೆಗಳು ಬೆಳೆದವು. 1949ರಲ್ಲಿ ಮದ್ರಾಸಿನ ಬಳಿ ಟಿ. ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಸೈಕಲ್ಲು ಗುಮಾಸ್ತನಿಗೂ ಕೂಲಿಗಾರನಿಗೂ ಎಟುಕಿತು. ಆದರೆ ಕ್ಯಾರಿಯರು, ಸ್ಟ್ಯಾಂಡು, ಗಂಟೆ, ದೀಪ ಇವೆಲ್ಲ ಅಂಗಡಿಯಲ್ಲಿ ಬೇರೆ ಬೇರೆ ಖರ್ಚು. ಕೈಯಲ್ಲಿ ಹಣ ಮುಗಿದರೆ ಮೊದಲು ಬಿಟ್ಟುಬಿಡುತ್ತಿದ್ದದ್ದು ಕ್ಯಾರಿಯರನ್ನು. ದೀಪವಿಲ್ಲದಿದ್ದರೆ ಪೊಲೀಸಿನವರು ಹಿಡಿಯುತ್ತಿದ್ದರು. ಕ್ಯಾರಿಯರಿಲ್ಲವೆಂದು ಯಾರೂ ಹಿಡಿಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್. ಎಂ. ಟಿ., 1954ರಲ್ಲಿ ಬಿ. ಇ. ಎಲ್. ಒಂದೊಂದಾಗಿ ಬಂದವು. ಪಾಳಿ ಬಿಡುವ ಹೊತ್ತಿಗೆ ಗೇಟಿನಿಂದ ಸೈಕಲ್ಲುಗಳು ಹೊಳೆಯಂತೆ ಹರಿದುಬರುತ್ತಿದ್ದುದನ್ನು ಹಳಬರು ಈಗಲೂ ನೆನೆಯುತ್ತಾರೆ. ಆ ಹೊಳೆಯಲ್ಲಿ ಪ್ರತಿಯೊಬ್ಬನ ಬಳಿಯೂ ಇದ್ದದ್ದು ಒಂದು ಊಟದ ಡಬ್ಬಿ. ಅವನ ಹತ್ಯಾರು ಕಾರ್ಖಾನೆಗೆ ಸೇರಿದ್ದು, ಅಲ್ಲಿಯೇ ಉಳಿಯುತ್ತಿತ್ತು. ಅದೇ ರಸ್ತೆಯ ಅಂಚಿನಲ್ಲಿ ಬಡಗಿಯೊಬ್ಬ ಗರಗಸವನ್ನು ಬಾರಿಗೆ ಕಟ್ಟಿಕೊಂಡು ಹೋಗುತ್ತಿದ್ದ; ಅವನ ಹತ್ಯಾರು ಅವನದೇ, ಅದು ಕಳೆದರೆ ನಷ್ಟವೂ ಅವನದೇ. ಸೈಕಲ್ಲಿನ ಮೇಲಿನ ಚೀಲವನ್ನು ನೋಡಿದರೆ ಸಾಕು, ಆಸಾಮಿ ಸಂಬಳದವನೋ ಕೂಲಿಯವನೋ ಹೇಳಬಹುದಾಗಿತ್ತು.

ನಮ್ಮ ಚಿಕ್ಕಪ್ಪ ಮೈಸೂರಿನಲ್ಲಿ ವೈರ್‌ಮನ್ ಆಗಿದ್ದರು. 1960ರ ದಶಕದ ಮಾತು. ಗುತ್ತಿಗೆದಾರರೊಬ್ಬರ ಕೈಕೆಳಗೆ ದಿನಗೂಲಿ. ಅವರ ಸೈಕಲ್ಲು ಎರಡನೆಯ ಕೈಯಿಂದ ಬಂದದ್ದು. ಮೊದಲಿನವನು ಕ್ಯಾರಿಯರನ್ನು ಬಿಚ್ಚಿ ಬೇರೆ ಮಾರಿಕೊಂಡಿದ್ದ. ಚಿಕ್ಕಪ್ಪ ಹತ್ಯಾರದ ಚೀಲವನ್ನು ಹ್ಯಾಂಡಲಿಗೆ ನೇತುಹಾಕುತ್ತಿದ್ದರು. ಬಿದಿರಿನ ಏಣಿ ಒಯ್ಯಬೇಕಾದ ದಿನ ಎರಡು ಮೆಟ್ಟಿಲುಗಳ ನಡುವೆ ತಲೆ ತೂರಿಸಿ ಏಣಿಯನ್ನು ಹೆಗಲಿಗೆ ಹಾಕಿಕೊಂಡು ಪೆಡಲು ತುಳಿಯುತ್ತಿದ್ದರು. ಅದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಒಂದು ದಿನ ಇಳಿಜಾರಿನಲ್ಲಿ ಹ್ಯಾಂಡಲಿನ ಚೀಲ ತೂಗಾಡಿ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಚಕ್ರ ನಿಂತಿತು, ಚಿಕ್ಕಪ್ಪ ನಿಲ್ಲಲಿಲ್ಲ. ಮಣಿಕಟ್ಟು ಮುರಿಯಿತು. ವೈರ್‌ಮನ್ನನಿಗೆ ಮಣಿಕಟ್ಟು ಹೋದರೆ ಉಳಿಯುವುದೇನು? ಆರು ವಾರ ಮನೆಯಲ್ಲಿ ಕುಳಿತರು; ಗುತ್ತಿಗೆದಾರರು ಒಂದು ದಿನದ ಕೂಲಿಯನ್ನೂ ಕೊಡಲಿಲ್ಲ. ಚಿಕ್ಕಮ್ಮನ ಬಳೆ ಅಡವಿಗೆ ಹೋದದ್ದು ಆಗಲೇ.

ಬಾಗಿದ ಚಕ್ರವನ್ನು ಸರಿಮಾಡಿಸಲು ಹೋದಾಗ ಸೈಕಲ್ ಶಾಪಿನವನು ಕೇಳಿದನಂತೆ: “ಹ್ಯಾಂಡಲಿಗೆ ಯಾಕಣ್ಣಾ ನೇತು ಹಾಕ್ತೀರಿ? ಬಾರಿನ ಕೆಳಗೆ ಇಷ್ಟು ಜಾಗ ಬಿದ್ದಿದೆಯಲ್ಲ?” ಅವನೇ ಹಳೆಯ ಟ್ಯೂಬನ್ನು ಬೆರಳಗಲ ಪಟ್ಟಿಗಳಾಗಿ ಸೀಳಿ, ಕ್ಯಾನ್ವಾಸ್ ಚೀಲವನ್ನು ಮುಕ್ಕೋನದೊಳಗೆ ಬಿಗಿದು ಕೊಟ್ಟ. ಮಾಸ್‌ನ ಸಿಪಾಯಿಗಳು ಚರ್ಮದಲ್ಲಿ ಮಾಡಿಸಿದ್ದನ್ನು ಅವನು ಹರಕು ರಬ್ಬರಿನಲ್ಲಿ ಮಾಡಿದ್ದ. ಟ್ಯೂಬಿನ ಪಟ್ಟಿಯ ಗುಣವನ್ನು ಬಳಸಿದವರೇ ಬಲ್ಲರು. ಹಗ್ಗ ಸಡಿಲವಾಗುತ್ತದೆ, ರಬ್ಬರು ಎಳೆದಷ್ಟೂ ಕಚ್ಚಿ ಹಿಡಿಯುತ್ತದೆ. ಬಾರಿನ ಬಣ್ಣವನ್ನೂ ಕೆಡಿಸುವುದಿಲ್ಲ. ಹಾಲಿನವರು, ಪತ್ರಿಕೆ ಹಾಕುವವರು, ಬುಟ್ಟಿ ವ್ಯಾಪಾರದವರು ಯಾರ ಸೈಕಲ್ಲು ನೋಡಿದರೂ ಅದಿಲ್ಲದೆ ಇಲ್ಲ.

ಚಿಕ್ಕಪ್ಪ ಮಾಡಿಕೊಂಡ ಏರ್ಪಾಡು ಹೀಗಿತ್ತು. ಸುತ್ತಿಗೆ, ಉಳಿ, ಗೋಡೆಗೆ ಹೊಡೆಯುವ ಮರದ ಬೆಣೆಗಳು ಇಂಥ ತೂಕದವೆಲ್ಲ ಚೌಕಟ್ಟಿನ ಚೀಲದ ತಳಕ್ಕೆ. ಒಂದಕ್ಕೊಂದು ತಾಗಿ ಸದ್ದು ಮಾಡದಿರಲೆಂದು ನಡುವೆ ಹಳೆಯ ಪಂಚೆಯ ತುಂಡು. ತಂತಿಯ ಸುರುಳಿ ಸೀಟಿನ ಹಿಂದೆ. ಬಲ್ಬು ಮತ್ತು ಪಿಂಗಾಣಿಯ ಸಾಮಾನು ಹೆಗಲ ಚೀಲದಲ್ಲಿ. ಊಟದ ಡಬ್ಬಿಯದೊಂದೇ ತೊಡಕು, ಸಾರು ಚೆಲ್ಲುತ್ತಿತ್ತು. ಚಿಕ್ಕಮ್ಮ ಸಾರನ್ನು ಬಿಟ್ಟು ಮೊಸರನ್ನವನ್ನೇ ಗಟ್ಟಿಯಾಗಿ ಕಲಸಿ ಕಟ್ಟತೊಡಗಿದರು.

ಈಚೆಗೆ ಪಟ್ಟಣದ ರಸ್ತೆಗಳಲ್ಲಿ ಗೇರು ಸೈಕಲ್ಲುಗಳು ಬಂದಿವೆ. ಹಗುರವಾದವು, ನಯವಾದವು, ಬೆಲೆಯಲ್ಲಿ ಮಾತ್ರ ಹಗುರವಲ್ಲ. ಅವುಗಳಲ್ಲಿ ಹಲವಕ್ಕೆ ಕ್ಯಾರಿಯರ್ ಕೂರಿಸಲು ಬೇಕಾದ ಕಣ್ಣುಗಳೇ ಇಲ್ಲ. ಪಂದ್ಯದ ಸೈಕಲ್ಲಿಗೆ ಹೊರೆಯೆಂಥದು ಎಂದು ಮಾಡಿದವರ ಎಣಿಕೆ. ಹಳೆಯ ಕರಿಯ ಸೈಕಲ್ಲಿನಲ್ಲಾದರೋ ಹಿಂದಿನ ಚಕ್ರದ ಅಚ್ಚಿನ ನಟ್ಟಿಗೇ ಕ್ಯಾರಿಯರಿನ ಕಾಲನ್ನು ಸಿಕ್ಕಿಸಿ ಬಿಗಿಯುತ್ತಿದ್ದರು, ಕಣ್ಣಿನ ಹಂಗಿರಲಿಲ್ಲ. ಬೆಂಗಳೂರಿನ ಕಂಪ್ಯೂಟರ್ ಕಚೇರಿಗೆ ಸೈಕಲ್ಲಿನಲ್ಲಿ ಹೋಗುವ ತರುಣ ತರುಣಿಯರು ಯಂತ್ರವನ್ನೂ ಅಂಗಿಯನ್ನೂ ಊಟವನ್ನೂ ಒಂದೇ ಬೆನ್ನುಚೀಲಕ್ಕೆ ತುಂಬಿ ಬೆವರುತ್ತ ಹೋಗುವುದನ್ನು ಕಾಣುತ್ತೇವೆ. ಅಲಾಸ್ಕದ ಹಿಮದಲ್ಲಿ ದಿನಗಟ್ಟಲೆ ಸೈಕಲ್ಲು ಓಡಿಸುವ ಸಾಹಸಿಗರು ಕ್ಯಾರಿಯರು ಮುರಿಯುವ ಕಾಟ ತಾಳದೆ ಹೊಲಿಸಿಕೊಂಡ ಮುಕ್ಕೋನದ ಚೀಲಗಳು ಈಗ ಇಲ್ಲಿಯ ಅಂಗಡಿಗಳಿಗೂ ಬಂದಿವೆ. ಅವು ಹೊಸ ಶೋಧವೆಂದು ಮಾರುವವರು ಹೇಳುತ್ತಾರೆ.

ಹೋದ ವರ್ಷ ನನ್ನ ತಮ್ಮನ ಮಗ ಅಂಥದೊಂದನ್ನು ಕೊಂಡು ತಂದು ತೋರಿಸಿದ. ನಾನು ಅಟ್ಟದಿಂದ ಚಿಕ್ಕಪ್ಪನ ಕ್ಯಾನ್ವಾಸ್ ಚೀಲವನ್ನು ಇಳಿಸಿ ಪಕ್ಕದಲ್ಲಿಟ್ಟೆ. ಟ್ಯೂಬಿನ ಪಟ್ಟಿಗಳು ಒಣಗಿ ಮುರಿದಿದ್ದವು. ಚೀಲದ ಎಡಮಗ್ಗುಲಲ್ಲಿ, ಮೇಲ್ಗಡೆ, ಮೊಣಕಾಲು ಉಜ್ಜಿ ಉಜ್ಜಿ ಬಟ್ಟೆ ಸವೆದ ಕಡೆ ಚಿಕ್ಕಮ್ಮ ಹಾಕಿದ ತೇಪೆಯಿತ್ತು. ಹುಡುಗ ತನ್ನ ಹೊಸ ಚೀಲವನ್ನು ತಿರುಗಿಸಿ ನೋಡಿದ. ಕಂಪನಿಯವರು ಅದೇ ಸ್ಥಳದಲ್ಲಿ ಎರಡು ಪದರ ಬಟ್ಟೆಯನ್ನು ಹೊಲಿದಿದ್ದರು.